ಬಿ ಫಾರಂ ಕೈಗೆ ಬರುವ ಮೊದಲು
ಓದುಗರ ಪ್ರಶ್ನೆಗಳಿಗೆ ಉತ್ತರ: ನಗರಾಡಳಿತ

ಕಳೆದ ಸಂಚಿಕೆಯಲ್ಲಿ ವಾರ್ಡ್ ಸಮಿತಿಗಳ ಕುರಿತು ಬರೆದದ್ದನ್ನು ಓದಿದ ಹಲವರು ಅದಕ್ಕಿಂತ ಒಂದು ಹೆಜ್ಜೆ ಹಿಂದಿನ ವಿಷಯವನ್ನು ಕೇಳಿದ್ದಾರೆ: ಪಾಲಿಕೆಗೆ ಅಭ್ಯರ್ಥಿಯಾಗಿ ನಿಲ್ಲುವವರು ಯಾರು, ಅವರನ್ನು ನಿಲ್ಲಿಸುವವರು ಯಾರು? ಸರ್ಕಾರಿ ಸೇವೆಯಲ್ಲಿದ್ದಾಗ ಎರಡು ಚುನಾವಣೆಗಳಲ್ಲಿ ಸಹಾಯಕ ಚುನಾವಣಾಧಿಕಾರಿಯಾಗಿ ನಾಮಪತ್ರ ಸ್ವೀಕರಿಸುವ ಮೇಜಿನ ಹಿಂದೆ ಕೂತವನು ನಾನು. ಆ ಅನುಭವ ಉಪಯೋಗಕ್ಕೆ ಬರುವಂಥ ಆರು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ವಾರ್ಡು ಈ ಸಲ ಮಹಿಳೆಯರಿಗೆ ಮೀಸಲಾಗುತ್ತದೆ ಎಂಬ ಮಾತಿದೆ. ಪಕ್ಕದ ವಾರ್ಡಿನಿಂದ ನಾನು ಪಕ್ಷೇತರನಾಗಿ ಸ್ಪರ್ಧಿಸಬಹುದೇ? ನಾಮಪತ್ರ ತಿರಸ್ಕೃತವಾಗದಂತೆ ಏನೇನು ನೋಡಿಕೊಳ್ಳಬೇಕು?
– ದಿನಸಿ ವ್ಯಾಪಾರಿ, ತುಮಕೂರು

ಉತ್ತರ: ಸ್ಪರ್ಧಿಸಬಹುದು. ತುಮಕೂರು ಮಹಾನಗರ ಪಾಲಿಕೆಯಾಗಿರುವುದರಿಂದ ತಮಗೆ ಅನ್ವಯಿಸುವುದು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ. ಅದರ ಪ್ರಕಾರ ನಗರದ ಯಾವುದಾದರೂ ಒಂದು ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಅದೇ ನಗರದ ಬೇರೆ ವಾರ್ಡಿನಿಂದಲೂ ನಿಲ್ಲಬಹುದು. ವಿಧಾನಸಭೆಗೆ 25 ವರ್ಷ ತುಂಬಿರಬೇಕು. ನಗರಾಡಳಿತ ಸಂಸ್ಥೆಗಳಿಗೆ 21 ತುಂಬಿದ್ದರೆ ಸಾಕು ಎಂದು ಸಂವಿಧಾನದ 243ವಿ ವಿಧಿಯೇ ಹೇಳುತ್ತದೆ. ಇಪ್ಪತ್ತೆರಡು, ಇಪ್ಪತ್ತಮೂರರ ಎಷ್ಟೋ ಮಂದಿಗೆ ಈ ಹಕ್ಕು ತಮಗಿದೆಯೆಂಬುದೇ ಗೊತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ತಮಗೆ ಬೇರೆ ವಾರ್ಡು ನಡೆಯುತ್ತದೆ, ಆದರೆ ತಮ್ಮ ಸೂಚಕರಿಗೆ ನಡೆಯುವುದಿಲ್ಲ. ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು ತಾವು ಸ್ಪರ್ಧಿಸುವ ವಾರ್ಡಿನ ಮತದಾರರೇ ಆಗಿರಬೇಕು. ನಾನು ಕಂಡ ಒಂದು ಮಧ್ಯಾಹ್ನದ ವಿಷಯ ಹೇಳುತ್ತೇನೆ. ಅದು ನಾಮಪತ್ರ ಸಲ್ಲಿಕೆಯ ಕೊನೆಯ ದಿನ. ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಜಾತಿ ಪ್ರಮಾಣಪತ್ರ, ಠೇವಣಿಯ ರಸೀದಿ, ಅಫಿಡವಿಟ್ ಎಲ್ಲವನ್ನೂ ಒಪ್ಪವಾಗಿ ಜೋಡಿಸಿಕೊಂಡು ಬಂದಿದ್ದರು. ಸೂಚಕರಾಗಿ ಅವರ ಸ್ವಂತ ಅಣ್ಣ ಸಹಿ ಹಾಕಿದ್ದರು. ಅಣ್ಣನ ಮನೆ ರಸ್ತೆಯ ಎದುರು ಬದಿಯಲ್ಲಿತ್ತು. ವಾರ್ಡ್ ಪುನರ್ವಿಂಗಡಣೆಯಾದ ಮೇಲೆ ಆ ರಸ್ತೆಯೇ ಎರಡು ವಾರ್ಡುಗಳ ಗಡಿಯಾಗಿತ್ತು. ಗುಮಾಸ್ತರು ಪಟ್ಟಿಯ ಭಾಗ ಸಂಖ್ಯೆಯನ್ನೂ ಕ್ರಮ ಸಂಖ್ಯೆಯನ್ನೂ ಬೆರಳಿಟ್ಟು ಹುಡುಕಿದಾಗ ಅಣ್ಣನ ಹೆಸರು ಅಲ್ಲಿರಲಿಲ್ಲ. ಗಂಟೆ ಎರಡಾಗಿತ್ತು, ಮೂರಕ್ಕೆ ಬಾಗಿಲು ಮುಚ್ಚುತ್ತಿತ್ತು. ಆ ತಾಯಿ ಓಡಿಹೋಗಿ ತಮ್ಮ ಬೀದಿಯ ಹಾಲಿನ ಬೂತಿನವರನ್ನು ಕರೆತಂದು, ಹೊಸ ನಮೂನೆ ತುಂಬಿ, ಮೂರಕ್ಕೆ ಹತ್ತು ನಿಮಿಷವಿರುವಾಗ ಮತ್ತೆ ಮೇಜಿನ ಮುಂದೆ ನಿಂತರು. ಅಂದು ಬೆಳಗ್ಗೆ ಹನ್ನೊಂದಕ್ಕೇ ಬಂದಿದ್ದರೆ ಆ ಓಟವೇ ಬೇಕಿರಲಿಲ್ಲ. ಮಧ್ಯಾಹ್ನ ಮೂರು ಕಳೆದು ಬಂದಿದ್ದರೆ ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ.

ಆದ್ದರಿಂದ ಕೊನೆಯ ದಿನದವರೆಗೆ ಮುಹೂರ್ತಕ್ಕಾಗಿ ಕಾಯಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಪಾಲಿಕೆಗೆ ಕೊಡಬೇಕಾದ ತೆರಿಗೆಯ ಬಾಕಿಯನ್ನು, ಅದರಲ್ಲೂ ನೋಟಿಸ್ ಬಂದಿರುವ ಬಾಕಿಯನ್ನು, ಮೊದಲೇ ತೀರಿಸಿ ರಸೀದಿ ಇಟ್ಟುಕೊಳ್ಳಿ. ಪಾಲಿಕೆಯ ಕಾಮಗಾರಿಯ ಗುತ್ತಿಗೆಯಲ್ಲಿ ತಮಗೆ ಪಾಲು ಇದ್ದರೆ ಅದು ಅನರ್ಹತೆಗೆ ಎಡೆಯಾಗುತ್ತದೆ. ಪಕ್ಷೇತರರು ರಾಜ್ಯ ಚುನಾವಣಾ ಆಯೋಗದ ಮುಕ್ತ ಚಿಹ್ನೆಗಳ (ಯಾವ ಪಕ್ಷಕ್ಕೂ ಮೀಸಲಾಗಿರದ ಚಿಹ್ನೆಗಳ) ಪಟ್ಟಿಯಿಂದ ತಮಗೆ ಬೇಕಾದದ್ದನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು.

ಪ್ರಶ್ನೆ: ಹದಿನೈದು ವರ್ಷ ಪಕ್ಷದ ಬಾವುಟ ಕಟ್ಟಿದ ನನ್ನ ತಮ್ಮನಿಗೆ ಟಿಕೆಟ್ ಸಿಗಲಿಲ್ಲ, ಹಿಂದಿನ ವಾರ ಪಕ್ಷಕ್ಕೆ ಸೇರಿದವರಿಗೆ ಸಿಕ್ಕಿತು. ಪಕ್ಷಗಳು ಅಭ್ಯರ್ಥಿಯನ್ನು ಹೀಗೆಯೇ ಆರಿಸಬೇಕು ಎಂಬ ಕಾನೂನು ಯಾವುದೂ ಇಲ್ಲವೇ? ಬಿ ಫಾರಂ ಎಂದರೆ ನಿಖರವಾಗಿ ಏನು?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸುಲಭವಾದ್ದರಿಂದ ಅದನ್ನು ಮೊದಲು ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಪಟ್ಟಣ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುತ್ತದೆ. ಹಾಗಾಗಿ ಯಾವ ಅಭ್ಯರ್ಥಿ ನಿಜವಾಗಿಯೂ ಆ ಪಕ್ಷದವರು ಎಂದು ಚುನಾವಣಾಧಿಕಾರಿಗೆ ತಿಳಿಯಲು ಎರಡು ಕಾಗದಗಳು ಬೇಕು. ಟಿಕೆಟ್ ಹಂಚುವ ಅಧಿಕಾರವನ್ನು ಪಕ್ಷ ಯಾರಿಗೆ ಕೊಟ್ಟಿದೆ ಎಂಬುದನ್ನು ಅವರ ಮಾದರಿ ಸಹಿಯೊಂದಿಗೆ ತಿಳಿಸುವುದು ಎ ಫಾರಂ. ಆ ಅಧಿಕಾರ ಪಡೆದವರು ಇಂಥ ವಾರ್ಡಿಗೆ ಇಂಥವರೇ ನಮ್ಮ ಅಭ್ಯರ್ಥಿ ಎಂದು ಶಾಯಿಯಲ್ಲಿ ಸಹಿ ಹಾಕಿ ಕೊಡುವುದು ಬಿ ಫಾರಂ. ಕೊನೆಯ ದಿನದ ಗಡುವಿನೊಳಗೆ ಅದು ಸಲ್ಲಿಕೆಯಾಗದಿದ್ದರೆ ಪಕ್ಷದ ಚಿಹ್ನೆ ಆ ಅಭ್ಯರ್ಥಿಗೆ ಸಿಗುವುದಿಲ್ಲ.

ಇನ್ನು ತಮ್ಮ ಮೊದಲ ಪ್ರಶ್ನೆ. ಬಿ ಫಾರಂ ಮೇಲಿನ ಸಹಿ ಅಸಲಿಯೇ ಎಂದು ಕಾನೂನು ಪರೀಕ್ಷಿಸುತ್ತದೆ. ಆ ಹೆಸರು ಅದರ ಮೇಲೆ ಹೇಗೆ ಬಂತು ಎಂದು ಮಾತ್ರ ಕೇಳುವುದಿಲ್ಲ. ನಾನು ಮೇಜಿನ ಹಿಂದೆ ಕೂತಿದ್ದಾಗ ಅತಿಯಾಗಿ ಕಾಡಿದ್ದು ಇದೇ. ಸೂಚಕರ ಕ್ರಮ ಸಂಖ್ಯೆ ತಪ್ಪಿದರೆ ನಾವು ಹಿಡಿಯುತ್ತಿದ್ದೆವು, ಠೇವಣಿ ಕಡಿಮೆಯಿದ್ದರೆ ಹಿಡಿಯುತ್ತಿದ್ದೆವು. ಆದರೆ ಇಡೀ ವಾರ್ಡಿನ ಪಾಲಿಗೆ ನಿರ್ಣಾಯಕವಾದ ಆಯ್ಕೆ ಯಾವುದೋ ಅತಿಥಿಗೃಹದ ಕೋಣೆಯಲ್ಲಿ, ಶಾಸಕರೂ ಜಿಲ್ಲಾಧ್ಯಕ್ಷರೂ ಕೂತು ಮಾತಾಡಿ ಮುಗಿದುಹೋಗಿರುತ್ತಿತ್ತು. ಪಕ್ಷಗಳ ನೋಂದಣಿಗೆ ಸಂಬಂಧಿಸಿದ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮು ಪಕ್ಷವು ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠವಾಗಿರಬೇಕು ಎನ್ನುತ್ತದೆ. ಆದರೆ ಅಭ್ಯರ್ಥಿಯನ್ನು ಸದಸ್ಯರ ಮತದಿಂದ ಆರಿಸಬೇಕು ಎಂದು ಎಲ್ಲಿಯೂ ಹೇಳುವುದಿಲ್ಲ. ಆ ನಿಷ್ಠೆಯನ್ನು ಮೀರಿದ ಪಕ್ಷದ ನೋಂದಣಿಯನ್ನು ರದ್ದುಪಡಿಸುವ ಅಧಿಕಾರವೂ ಚುನಾವಣಾ ಆಯೋಗಕ್ಕೆ ಸಾಮಾನ್ಯವಾಗಿ ಇಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ನೀಡಿದೆ. ಕ್ರಿಮಿನಲ್ ಮೊಕದ್ದಮೆಯುಳ್ಳವರಿಗೆ ಟಿಕೆಟ್ ಕೊಟ್ಟರೆ ಅದಕ್ಕೆ ಕಾರಣವೇನು, ಮೊಕದ್ದಮೆಯಿಲ್ಲದ ಬೇರೊಬ್ಬರನ್ನು ಏಕೆ ಆರಿಸಲಾಗಲಿಲ್ಲ ಎಂಬುದನ್ನು ಪಕ್ಷಗಳು ಬಹಿರಂಗಪಡಿಸಬೇಕು ಎಂದು 2020ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ ನಿರ್ದೇಶಿಸಿತು. ಆದರೆ ಅದು ಸಂಸತ್ತು ಮತ್ತು ವಿಧಾನಸಭೆಗಳ ಚುನಾವಣೆಗೆ ಸಂಬಂಧಿಸಿದ ನಿರ್ದೇಶನ.

ಒಂದು ವಿಚಿತ್ರ ನೋಡಿ. ಗೆದ್ದ ಮೇಲೆ ಪಕ್ಷದ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದ ಪಾಲಿಕೆ ಸದಸ್ಯರ ಸ್ಥಾನ ಹೋಗಬೇಕೆಂದು 1987ರಷ್ಟು ಹಿಂದೆಯೇ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಸದಸ್ಯರು ಪಕ್ಷಕ್ಕೆ ಬದ್ಧರಾಗಿರಬೇಕೆಂಬ ಕಾಯ್ದೆ ನಮ್ಮಲ್ಲಿದೆ. ಟಿಕೆಟ್ ಹಂಚುವಾಗ ಪಕ್ಷವು ತನ್ನ ಸದಸ್ಯರಿಗೆ ಬದ್ಧವಾಗಿರಬೇಕೆಂಬ ಕಾಯ್ದೆ ಇಲ್ಲ.

ಬೇರೆ ರೀತಿಯಲ್ಲಿ ಇದನ್ನು ಮಾಡಲು ಸಾಧ್ಯವೇ ಎಂದು ತಾವು ಕೇಳಬಹುದು. ನ್ಯೂಯಾರ್ಕ್ ನಗರದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವುದು ಆ ಪಕ್ಷದವರೆಂದು ನೋಂದಾಯಿಸಿಕೊಂಡ ಸಾಮಾನ್ಯ ಮತದಾರರು. ನಗರ ಸಭೆಯ ಸ್ಥಾನಕ್ಕೆ ಪಕ್ಷದ ಒಳಚುನಾವಣೆಯಲ್ಲಿ ನಿಲ್ಲಬಯಸುವವರು ತಮ್ಮ ಕ್ಷೇತ್ರದ 450 ಪಕ್ಷದ ಮತದಾರರ ಸಹಿ ತರಬೇಕು, ಮೇಯರ್ ಸ್ಥಾನಕ್ಕಾದರೆ 3,750 ಸಹಿ. 2021ರಿಂದ ಅಲ್ಲಿನ ಮತದಾರರು ಒಳಚುನಾವಣೆಯಲ್ಲಿ ಐದು ಹೆಸರುಗಳವರೆಗೆ ಒಂದು, ಎರಡು, ಮೂರು ಎಂದು ಆದ್ಯತೆ ಕೊಡುತ್ತಾರೆ. 2025ರ ಜೂನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಮೇಯರ್ ಅಭ್ಯರ್ಥಿಯಾಗಿ ಜೊಹ್ರಾನ್ ಮಮ್ದಾನಿ, ರಾಜ್ಯದ ಮಾಜಿ ಗವರ್ನರ್ ಆಂಡ್ರ್ಯೂ ಕುಓಮೊ ಅವರನ್ನು ಸೋಲಿಸಿದ್ದು ಈ ಪದ್ಧತಿಯಲ್ಲಿಯೇ. ಅಲ್ಲಿಯೂ ಹಣದ ಬಲವಿದೆ, ಎದುರಾಳಿಯ ಸಹಿಗಳನ್ನು ವಕೀಲರಿಂದ ತಕರಾರು ಮಾಡಿಸಿ ಕಣದಿಂದ ಹೊರಗಟ್ಟುವ ಚಾಳಿಯೂ ಇದೆ. ಆದರೂ ಟಿಕೆಟ್ ಎಂಬುದು ನಾಯಕರು ದಯಪಾಲಿಸುವ ವಸ್ತುವಲ್ಲ, ಬೀದಿಬೀದಿ ಅಲೆದು ಗಳಿಸುವಂಥದ್ದು ಎಂಬ ವ್ಯತ್ಯಾಸ ಸಣ್ಣದಲ್ಲ.

ನಮ್ಮಲ್ಲಿ ಕಾಯ್ದೆ ಬದಲಾಗುವವರೆಗೆ ತಮ್ಮ ತಮ್ಮನಂಥವರಿಗೆ ಉಳಿದಿರುವುದು ಎರಡೇ ದಾರಿ. ಬಂಡಾಯ ಅಭ್ಯರ್ಥಿಯಾಗಿ ಮುಕ್ತ ಚಿಹ್ನೆಯ ಮೇಲೆ ನಿಲ್ಲುವುದು ಒಂದು. ಚುನಾವಣೆಗೆ ವರ್ಷವಿರುವಾಗಲೇ ವಾರ್ಡಿನ ಕಾರ್ಯಕರ್ತರೆಲ್ಲ ಸಭೆ ಸೇರಿ, ಒಪ್ಪಿಗೆಯಾದ ಹೆಸರನ್ನು ನಡಾವಳಿಯಲ್ಲಿ ಬರೆದು, ಎಲ್ಲರ ಸಹಿಯೊಂದಿಗೆ ಪಕ್ಷದ ಜಿಲ್ಲಾ ಘಟಕಕ್ಕೆ ಕಳುಹಿಸಿ, ಅದರ ಪ್ರತಿಯನ್ನು ಪತ್ರಿಕೆಗಳಿಗೂ ಕೊಡುವುದು ಇನ್ನೊಂದು. ಈ ಎರಡನೆಯದಕ್ಕೆ ಕಾನೂನಿನ ಬಲವಿಲ್ಲವಾದರೂ, ಇನ್ನೂರು ಸಹಿಗಳಿರುವ ಕಾಗದವನ್ನು ಬದಿಗಿಟ್ಟು ಬೇರೆ ಹೆಸರು ಬರೆಯುವವರು ಮರುದಿನ ಅದಕ್ಕೆ ಕಾರಣ ಹೇಳಬೇಕಾಗುತ್ತದೆ.

ಪ್ರಶ್ನೆ: ನಾನು ಗೃಹಿಣಿ. ಅಫಿಡವಿಟ್‌ನಲ್ಲಿ ನನ್ನ ಯಜಮಾನರ ಆಸ್ತಿಯನ್ನೂ ತೋರಿಸಲೇಬೇಕೇ? ಅದು ಅವರ ಸ್ವಂತ ಸಂಪಾದನೆಯಲ್ಲವೇ?
– ಓದುಗರು, ಮೈಸೂರು

ಉತ್ತರ: ತೋರಿಸಲೇಬೇಕು, ಅಮ್ಮ. ಇದಕ್ಕೆ ತಮ್ಮ ಊರಿನಲ್ಲಿಯೇ ಎಲ್ಲರಿಗೂ ಪಾಠವಾದ ಪ್ರಕರಣವೊಂದಿದೆ. 2018ರ ಮೈಸೂರು ಮಹಾನಗರ ಪಾಲಿಕೆ ಚುನಾವಣೆಯಲ್ಲಿ 36ನೇ ವಾರ್ಡಿನಿಂದ ಗೆದ್ದು, 2021ರ ಫೆಬ್ರುವರಿಯಲ್ಲಿ ಮೇಯರ್ ಕೂಡ ಆದ ರುಕ್ಮಿಣಿ ಮಾದೇಗೌಡ ಅವರು ತಮ್ಮ ಅಫಿಡವಿಟ್‌ನಲ್ಲಿ ಪತಿಯ ಆಸ್ತಿಯನ್ನು ತೋರಿಸಿರಲಿಲ್ಲ ಎಂಬ ಕಾರಣಕ್ಕೆ ಅವರ ಆಯ್ಕೆಯನ್ನು ಜಿಲ್ಲಾ ನ್ಯಾಯಾಲಯ ಅಸಿಂಧುಗೊಳಿಸಿತ್ತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2022ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿಯನ್ನು ವಜಾ ಮಾಡಿತು. ಅಭ್ಯರ್ಥಿಯ, ಅವರ ಪತಿ ಅಥವಾ ಪತ್ನಿಯ ಮತ್ತು ಅವಲಂಬಿತರ ಆಸ್ತಿಯ ವಿಷಯದಲ್ಲಿ ಸುಳ್ಳು ಹೇಳಿಕೆ ನೀಡುವುದು ಚುನಾವಣಾ ಭ್ರಷ್ಟಾಚಾರಕ್ಕೆ ಸಮ ಎಂಬುದು ಆ ತೀರ್ಪಿನ ಸಾರ. ರಾಜ್ಯ ಚುನಾವಣಾ ಆಯೋಗವು ಅಫಿಡವಿಟ್ ಕಡ್ಡಾಯ ಮಾಡಿ ಹೊರಡಿಸಿದ ಆದೇಶಕ್ಕೆ ಸಂವಿಧಾನದ ಬಲವಿದೆ ಎಂಬುದನ್ನೂ ನ್ಯಾಯಾಲಯ ಒಪ್ಪಿತು.

ಅಫಿಡವಿಟ್‌ನ ಯಾವ ಅಂಕಣವನ್ನೂ ಖಾಲಿ ಬಿಡಬೇಡಿ. ಹೇಳುವುದಕ್ಕೆ ಏನೂ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಿರಿ. ಮೊಕದ್ದಮೆ ಬಾಕಿಯಿರುವುದೊಂದೇ ಕಾರಣಕ್ಕೆ ಯಾರೂ ಅನರ್ಹರಾಗುವುದಿಲ್ಲ. ಅದನ್ನು ಮುಚ್ಚಿಟ್ಟರೆ ಮಾತ್ರ ತೊಂದರೆ ಹಿಂಬಾಲಿಸುತ್ತದೆ. ತಾವು ಮೀಸಲು ವಾರ್ಡಿನಿಂದ ನಿಲ್ಲುವುದಾದರೆ ಇನ್ನೊಂದು ಮಾತು: ಜಾತಿ ಹುಟ್ಟಿನಿಂದ ನಿರ್ಧಾರವಾಗುತ್ತದೆಯೇ ಹೊರತು ಮದುವೆಯಿಂದಲ್ಲ. ಹಾಗಾಗಿ ಪ್ರಮಾಣಪತ್ರ ತವರಿನ ಕಡೆಯ ದಾಖಲೆಗಳ ಆಧಾರದ ಮೇಲೆ ಇರಬೇಕು, ಅದನ್ನು ಪಡೆಯಲು ತವರಿನ ತಾಲ್ಲೂಕು ಕಚೇರಿಗೆ ಅಲೆಯಬೇಕಾಗಿ ಬರಬಹುದು.

ಪ್ರಶ್ನೆ: ಸರ್ಕಾರವೇ ಪಾಲಿಕೆಗೆ ಸದಸ್ಯರನ್ನು ನೇಮಿಸುತ್ತದೆ ಎಂದು ಕೇಳಿದ್ದೇನೆ. ಅವರೂ ಮೇಯರ್ ಚುನಾವಣೆಯಲ್ಲಿ ಮತ ಹಾಕುತ್ತಾರೆಯೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹಾಕುವಂತಿಲ್ಲ. ನಾಮಪತ್ರ ಸಲ್ಲಿಸಿ ಗೆದ್ದವರು ಬೇರೆ, ನಾಮನಿರ್ದೇಶಿತರು ಬೇರೆ. 1976ರ ಕಾಯ್ದೆಯಂತೆ ಪೌರಾಡಳಿತ, ಆರೋಗ್ಯ, ನಗರ ಯೋಜನೆ, ಶಿಕ್ಷಣ ಮುಂತಾದ ಕ್ಷೇತ್ರಗಳ ಅನುಭವಿಗಳನ್ನೋ ಸಮಾಜ ಸೇವಕರನ್ನೋ ಸರ್ಕಾರ ಐದು ಜನರ ಮಿತಿಯೊಳಗೆ ನಾಮನಿರ್ದೇಶನ ಮಾಡಬಹುದು. ಅವರಿಗೆ ಸಭೆಯಲ್ಲಿ ಕೂತು ಮಾತಾಡುವ ಹಕ್ಕಿದೆ, ಮತದ ಹಕ್ಕಿಲ್ಲ. ಅನುಭವಿಗಳಿಗೆಂದು ಮೀಸಲಿಟ್ಟ ಈ ಸ್ಥಾನಗಳು ಟಿಕೆಟ್ ತಪ್ಪಿದವರ ಸಮಾಧಾನಕ್ಕೆ ಬಳಕೆಯಾಗುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಶಾಸಕರು ಮತ್ತು ಸಂಸದರ ವಿಷಯ ಬೇರೆ. ಅವರು ಮೇಯರ್ ಆಯ್ಕೆಯಲ್ಲಿ ಮತ ಚಲಾಯಿಸುತ್ತಾರೆ.

ಪ್ರಶ್ನೆ: ಯಾವ ವಾರ್ಡು ಯಾವ ವರ್ಗಕ್ಕೆ ಎಂದು ತೀರ್ಮಾನಿಸುವವರು ಯಾರು? ಅದರಲ್ಲಿ ಅನ್ಯಾಯವಾಗಿದೆ ಅನ್ನಿಸಿದರೆ ನಾಗರಿಕರು ಏನು ಮಾಡಬಹುದು?
– ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ವಾರ್ಡುಗಳ ಗಡಿಯನ್ನೂ ಮೀಸಲಾತಿಯ ಪಟ್ಟಿಯನ್ನೂ ಅಧಿಸೂಚನೆಯ ಮೂಲಕ ಹೊರಡಿಸುವುದು ರಾಜ್ಯ ಸರ್ಕಾರ. ಅಂದರೆ ಆಳುವ ಪಕ್ಷವೇ ಕಣವನ್ನು ಅಳೆದು ಗೆರೆ ಎಳೆಯುತ್ತದೆ. ಹಾಗಾಗಿಯೇ ಪ್ರತಿ ಸಲವೂ ತಕರಾರು ನ್ಯಾಯಾಲಯದ ಮೆಟ್ಟಿಲೇರುತ್ತದೆ.

ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿಯೂ, ಮಹಿಳೆಯರಿಗೆ ಮೂರನೇ ಒಂದಕ್ಕೆ ಕಡಿಮೆಯಾಗದಂತೆಯೂ ಸ್ಥಾನಗಳನ್ನು ಮೀಸಲಿಡಬೇಕೆಂದು ಸಂವಿಧಾನದ 243ಟಿ ವಿಧಿ ಹೇಳುತ್ತದೆ. ಕರ್ನಾಟಕ ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿದೆ. ಹಿಂದುಳಿದ ವರ್ಗಗಳ ವಿಷಯದಲ್ಲಿ, ಅವರ ರಾಜಕೀಯ ಹಿಂದುಳಿದಿರುವಿಕೆಯನ್ನು ಆಯೋಗವೊಂದು ಅಧ್ಯಯನ ಮಾಡಿರಬೇಕು ಮತ್ತು ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಒಟ್ಟು ಮೀಸಲಾತಿ ಶೇಕಡಾ 50ನ್ನು ಮೀರಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗ 2022ರಲ್ಲಿ ರಾಜ್ಯಕ್ಕೆ ವರದಿ ಸಲ್ಲಿಸಿತು.

ಕರಡು ಪಟ್ಟಿ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕೆಲವೇ ದಿನಗಳ ಕಾಲಾವಕಾಶ ಇರುತ್ತದೆ. ತಮ್ಮ ಸಂಘ ಕಣ್ಣಿಟ್ಟು ಕಾಯಬೇಕಾದದ್ದು ಆ ದಿನಗಳಿಗೆ. ಹಿಂದಿನ ಎರಡು ಚುನಾವಣೆಗಳಲ್ಲಿ ತಮ್ಮ ವಾರ್ಡಿನ ಮೀಸಲಾತಿ ಏನಿತ್ತು, ವಾರ್ಡುಗಳ ನಡುವೆ ಮೀಸಲಾತಿ ಸರದಿಯಲ್ಲಿ ಸುತ್ತುವ ಆವರ್ತನೆಯಂತೆ ಈಗ ಏನಾಗಬೇಕಿತ್ತು, ಜನಗಣತಿಯ ಅಂಕಿಗಳೇನು ಎಂಬುದನ್ನು ಒಂದು ಪುಟದಲ್ಲಿ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಸಲ್ಲಿಸಿ. ‘ಅನ್ಯಾಯವಾಗಿದೆ’ ಎಂದಷ್ಟೇ ಬರೆದ ನೂರು ಅರ್ಜಿಗಳಿಗಿಂತ ಆ ಒಂದು ಪುಟ ನ್ಯಾಯಾಲಯದಲ್ಲಿ ಹೆಚ್ಚು ನಿಲ್ಲುತ್ತದೆ.

ಈ ತಕರಾರುಗಳ ಹೆಸರಿನಲ್ಲಿ ಚುನಾವಣೆಯನ್ನೇ ಮುಂದೂಡುವುದು ಮಾತ್ರ ಒಪ್ಪತಕ್ಕದ್ದಲ್ಲ. ಐದು ವರ್ಷದ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ನಡೆಯಬೇಕೆಂಬುದು 243ಯು ವಿಧಿಯ ಕಟ್ಟಪ್ಪಣೆ; 2006ರಲ್ಲಿ ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ಹಾಗಿದ್ದೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷಗಳಿಗೂ ಹೆಚ್ಚು ಕಾಲ ತಮ್ಮ ನಗರ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿ ವಿಂಗಡಣೆಯಾದದ್ದೂ ಚುನಾಯಿತ ಸದಸ್ಯರಿಲ್ಲದ ಅವಧಿಯಲ್ಲಿಯೇ. ಒಂದು ಇಡೀ ಅವಧಿಯಷ್ಟು ಕಾಲ ಚರಂಡಿಗೆ, ಬೀದಿದೀಪಕ್ಕೆ, ಕಸಕ್ಕೆ ಉತ್ತರ ಹೇಳುವ ವಾರ್ಡ್ ಸದಸ್ಯರೇ ಇಲ್ಲದೆ ಹೋದದ್ದನ್ನು ಒಂದು ದೊಡ್ಡ ನಷ್ಟವೆಂದೇ ನಾನು ಎಣಿಸುತ್ತೇನೆ.

ಪ್ರಶ್ನೆ: ಹಿಂದಿನ ಸಲ ನನ್ನ ನಾಮಪತ್ರವನ್ನು ಪರಿಶೀಲನೆಯಲ್ಲಿ ತಿರಸ್ಕರಿಸಿದರು. ಅದು ತಪ್ಪೆಂದು ನನಗೆ ಈಗಲೂ ಅನ್ನಿಸುತ್ತದೆ. ಮುಂದೆ ಹಾಗಾದರೆ ಕೂಡಲೇ ಹೈಕೋರ್ಟಿಗೆ ಹೋಗಿ ಚುನಾವಣೆಗೆ ತಡೆ ತರಬಹುದೇ?
– ಓದುಗರು, ಕಲಬುರಗಿ

ಉತ್ತರ: ತಡೆ ಸಿಗುವ ಸಂಭವ ಬಹಳ ಕಡಿಮೆ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯ ಹೊತ್ತಿನಲ್ಲಿಯೇ ಈ ಪ್ರಶ್ನೆ ಎದ್ದಿತ್ತು. ಮದ್ರಾಸ್ ರಾಜ್ಯದ ನಾಮಕ್ಕಲ್ ಕ್ಷೇತ್ರಕ್ಕೆ ಸಲ್ಲಿಸಿದ್ದ ನಾಮಪತ್ರ ತಿರಸ್ಕೃತವಾದಾಗ ಎನ್.ಪಿ. ಪೊನ್ನುಸ್ವಾಮಿ ಅವರು ನ್ಯಾಯಾಲಯಕ್ಕೆ ಹೋದರು. ಚುನಾವಣೆ ಎಂದರೆ ಮತದಾನದ ದಿನವಷ್ಟೇ ಅಲ್ಲ, ಅಧಿಸೂಚನೆಯಿಂದ ಫಲಿತಾಂಶದವರೆಗಿನ ಇಡೀ ಪ್ರಕ್ರಿಯೆ. ನಡುವೆ ಅದನ್ನು ತಡೆಯುವಂತಿಲ್ಲ, ಮುಗಿದ ಮೇಲೆ ತಕರಾರು ಅರ್ಜಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 1952ರಲ್ಲಿ ಹೇಳಿತು. ನಗರಾಡಳಿತ ಸಂಸ್ಥೆಗಳಿಗೆ ಇದೇ ನಿಯಮವನ್ನು ಸಂವಿಧಾನದ 243ಝಡ್‌ಜಿ ವಿಧಿ ತಂದಿದೆ.

ಪಾಲಿಕೆಯ ಚುನಾವಣೆಯಾದರೆ ಫಲಿತಾಂಶ ಪ್ರಕಟವಾದ 30 ದಿನಗಳೊಳಗೆ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ನಗರಸಭೆ ಮತ್ತು ಪುರಸಭೆಗಳಿಗೆ 1964ರ ಕಾಯ್ದೆ ಬೇರೆಯೇ ಇರುವುದರಿಂದ ಅದರಲ್ಲಿನ ಗಡುವನ್ನು ನೋಡಿಕೊಳ್ಳಬೇಕು. ನಾಮಪತ್ರವನ್ನು ತಪ್ಪಾಗಿ ತಿರಸ್ಕರಿಸಲಾಗಿದೆ ಎಂದು ಸಾಬೀತಾದರೆ ಗೆದ್ದವರ ಆಯ್ಕೆಯೇ ಅಸಿಂಧುವಾಗುತ್ತದೆ. ಆ ಅರ್ಜಿಯ ಬಲವೆಲ್ಲ ಪರಿಶೀಲನೆಯ ದಿನದ ಕಾಗದಗಳಲ್ಲಿದೆ. ಅಂದು ತಾವೇ ಹಾಜರಿರಿ, ಸಾಧ್ಯವಾದರೆ ವಕೀಲರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಆಕ್ಷೇಪಣೆ ಬಂದರೆ ಉತ್ತರಿಸಲು ಸಮಯ ಬೇಕೆಂದು ಬರಹದಲ್ಲಿ ಕೇಳಿ. ತಿರಸ್ಕರಿಸಿದರೆ ಚುನಾವಣಾಧಿಕಾರಿಯು ನಾಮಪತ್ರದ ಮೇಲೆಯೇ ಕಾರಣವನ್ನು ದಾಖಲಿಸಬೇಕು. ಆ ಹಿಂಬರಹದ ದೃಢೀಕೃತ ಪ್ರತಿಯನ್ನು ಅಂದೇ, ಕಚೇರಿಯಿಂದ ಹೊರಬರುವ ಮೊದಲೇ, ಅರ್ಜಿ ಕೊಟ್ಟು ಪಡೆದುಕೊಳ್ಳಿ.